ಉದ್ಯಾನದ ಬಾಗಿಲು: ನಿಯಮ, ಪರವಾನಗಿ ಮತ್ತು ಆರೋಗ್ಯ

ಕಳೆದ ಶ್ರಾವಣದ ಒಂದು ಸಂಜೆ ಶ್ರೀಮಠದಲ್ಲಿ ಪ್ರವಚನ ಮುಗಿದು ಪ್ರಸಾದದ ಪಂಕ್ತಿ ಏಳುವ ಹೊತ್ತಿಗೆ, ನಮ್ಮ ಸೀಮೆಯ ಪಟ್ಟಣವೊಂದರಿಂದ ಬಂದಿದ್ದ ಐದಾರು ಮಂದಿ ಸದ್ಭಕ್ತರು ನಮ್ಮನ್ನು ಪಡಸಾಲೆಯ ಪಕ್ಕಕ್ಕೆ ಕರೆದು, ಮಡಚಿದ್ದ ಒಂದು ನಕ್ಷೆಯನ್ನು ಬಿಚ್ಚಿ ತೋರಿಸಿದರು. ಅವರ ಹೊಸ ಬಡಾವಣೆಯ ನಕ್ಷೆ ಅದು. ನಡುವೆ ಹಸಿರು ಬಣ್ಣದ ಒಂದು ಚೌಕ. ಅದರೊಳಗೆ ‘ಉದ್ಯಾನ’ ಎಂದು ಬರೆದಿತ್ತು. ಹಿರಿಯರೊಬ್ಬರು ಆ ಚೌಕದ ಮೇಲೆ ಬೆರಳಿಟ್ಟು ಹೇಳಿದರು: “ಡಾಕ್ಟರ್ ಸಾಹೇಬ್ರ, ಜಾಗ ಸುಮ್ನ ಬಿದ್ದದ. ಜಾಲಿ ಬೆಳದದ, ಹಂದಿ ತಿರಗತಾವ. ಅಲ್ಲೊಂದು ಧರ್ಮಾರ್ಥ ದವಾಖಾನಿ ಕಟ್ಟೋಣು. ನೀವು ವಾರದಾಗ ಎರಡು ದಿನ ಬಂದು ಕುಂದರ್ರಿ, ಸಾಕು.”

ನಮಗೆ ಆದ ಆನಂದವನ್ನು ಮುಚ್ಚಿಡುವುದಿಲ್ಲ. ಗೋರ್ಟಾ (ಬಿ) ಗ್ರಾಮದಲ್ಲಿ ಕುಳಿತು ಇಷ್ಟು ವರ್ಷ ನಾಡಿ ನೋಡಿದ ವೈದ್ಯನಿಗೆ, ಬಡವರಿಗಾಗಿ ಒಂದು ಆಯುರ್ವೇದ ದವಾಖಾನೆ ಏಳುತ್ತದೆ ಎಂದರೆ ಅದಕ್ಕಿಂತ ಸಿಹಿಯಾದ ಮಾತು ಬೇರಿಲ್ಲ. ನಗರಸಭೆಗೆ ಕೊಡಬೇಕೆಂದು ಅವರು ಸಿದ್ಧಪಡಿಸಿದ್ದ ಮನವಿಗೆ ಮೊದಲ ಸಹಿ ನಾವೇ ಹಾಕಿದೆವು. ಎರಡು ವಾರದ ನಂತರ ಆ ಸಹಿಯನ್ನು ಹಿಂದಕ್ಕೆ ಪಡೆದೆವು. ಆ ಸದ್ಭಕ್ತರಲ್ಲಿ ಕೆಲವರಿಗೆ ಇಂದಿಗೂ ನಮ್ಮ ಮೇಲೆ ಬೇಸರವಿದೆ. ಅವರಿಗೆ ಉತ್ತರವಾಗಿಯೂ, ನಗರಗಳಲ್ಲಿ ನೆಲೆಸಿರುವ ಶ್ರೀಮಠದ ಇತರ ಭಕ್ತರಿಗೆ ಉಪಯೋಗವಾಗಲೆಂದೂ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಮನಸ್ಸನ್ನು ತಿರುಗಿಸಿದ್ದು ಬೆಂಗಳೂರಿನ ಒಂದು ಹಳೆಯ ವ್ಯಾಜ್ಯ. ಭಕ್ತರಲ್ಲಿ ಒಬ್ಬ ವಕೀಲರು ಆ ತೀರ್ಪಿನ ಪ್ರತಿಯನ್ನು ನಮ್ಮ ಕೈಗಿಟ್ಟು, “ಮೊದಲು ಇದನ್ನು ಓದಿ, ಆಮೇಲೆ ಅಡಿಗಲ್ಲಿನ ಮಾತು” ಎಂದರು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಸಾರ್ವಜನಿಕ ಉದ್ಯಾನಕ್ಕೆಂದು ಬಿಟ್ಟಿದ್ದ ಬಯಲು ಜಾಗವನ್ನು 1976ರಲ್ಲಿ ಖಾಸಗಿ ಆಸ್ಪತ್ರೆಯೊಂದರ ಕಟ್ಟಡಕ್ಕೆ ಕೊಡಲಾಯಿತು. ಬಡಾವಣೆಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಉಚ್ಚ ನ್ಯಾಯಾಲಯದ ಏಕ ಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಕೊನೆಗೆ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನಿವಾಸಿಗಳ ಪಕ್ಷವನ್ನೇ ಎತ್ತಿಹಿಡಿಯಿತು. ‘ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ. ಎಸ್. ಮುದ್ದಪ್ಪ’ ಎಂದು ಆ ಮೊಕದ್ದಮೆ ದೇಶದ ಕಾನೂನು ಶಾಲೆಗಳಲ್ಲೆಲ್ಲ ಪಾಠವಾಗಿದೆ. ನ್ಯಾಯಮೂರ್ತಿಗಳಾದ ಟಿ. ಕೆ. ತೊಮ್ಮೆನ್ ಮತ್ತು ಆರ್. ಎಂ. ಸಹಾಯ್ ಅವರ ಪೀಠ ಅದನ್ನು ತೀರ್ಮಾನಿಸಿತು.

ಆ ತೀರ್ಪಿನಲ್ಲಿ ಕಾನೂನಿನ ಮಾತು ಬಹಳ. ನಮ್ಮನ್ನು ತಡೆದು ನಿಲ್ಲಿಸಿದ್ದು ಮಾತ್ರ ವೈದ್ಯಶಾಸ್ತ್ರದ ಮಾತು. ಊರು ಬೆಳೆದು ಜನ ದಟ್ಟಣೆಯಾದಾಗ ಬಯಲು ಇಲ್ಲದಿದ್ದರೆ ರೋಗ ಹುಟ್ಟುತ್ತದೆ. ಆ ರೋಗಕ್ಕೆ ಆಸ್ಪತ್ರೆ ಚಿಕಿತ್ಸೆ ಕೊಟ್ಟೀತು. ಆದರೆ ರೋಗ ಬಾರದಂತೆ ತಡೆಯುವುದು ಚಿಕಿತ್ಸೆಗಿಂತ ಮೇಲು, ಉದ್ಯಾನವನ್ನು ತೆಗೆದು ಕಳೆದುಕೊಂಡದ್ದನ್ನು ಆಸ್ಪತ್ರೆ ಕಟ್ಟಿ ತುಂಬಿಕೊಳ್ಳಲಾಗದು ಎಂಬ ಅರ್ಥದ ವಿವೇಚನೆ ಅಲ್ಲಿದೆ. ಸ್ವಸ್ಥನ ಸ್ವಾಸ್ಥ್ಯವನ್ನು ಕಾಯುವುದು ಮೊದಲು, ಆತುರನ ವಿಕಾರವನ್ನು ಶಮನಗೊಳಿಸುವುದು ಆಮೇಲೆ ಎಂದು ಆಯುರ್ವೇದದ ಮೊದಲ ವರ್ಷದಲ್ಲೇ ನಮ್ಮ ಗುರುಗಳು ಕಲಿಸಿದ್ದರು. ಅದನ್ನು ಅರವತ್ತು ದಾಟಿದ ಮೇಲೆ ನ್ಯಾಯಾಲಯದ ಕಾಗದದಿಂದ ಮರಳಿ ಕಲಿಯಬೇಕಾಯಿತು.

ಅಲ್ಲಿಯದು ಖಾಸಗಿ ಆಸ್ಪತ್ರೆ, ನಮ್ಮದು ಧರ್ಮಾರ್ಥ ದವಾಖಾನೆ. ಎರಡೂ ಒಂದೇ ಹೇಗಾದೀತು ಎಂದು ಸದ್ಭಕ್ತರು ವಾದಿಸಿದರು. ವಾದದಲ್ಲಿ ಹುರುಳಿದೆ. ಆದರೆ ಬಡಾವಣೆಯಲ್ಲಿ ನಿವೇಶನ ಕೊಂಡವರು ಆ ಹಸಿರು ಚೌಕವನ್ನು ನೋಡಿಯೇ ಕೊಂಡಿದ್ದಾರೆ. ಅದು ಅವರೆಲ್ಲರ ಪಾಲಿನ ಬಯಲು. ಒಳ್ಳೆಯ ಉದ್ದೇಶದವರು ಒಮ್ಮೆ ಬೇಲಿ ಮುರಿದರೆ, ಅದೇ ದಾರಿಯಲ್ಲಿ ನಾಳೆ ಸಮುದಾಯ ಭವನ ಬರುತ್ತದೆ, ನಾಡಿದ್ದು ವಾಣಿಜ್ಯ ಮಳಿಗೆ ಬರುತ್ತದೆ. ಬಯಲನ್ನು ಕಂಡರೆ ಕಟ್ಟುವ ಚಪಲ ದೊಡ್ಡ ದೊಡ್ಡವರನ್ನೂ ಬಿಟ್ಟಿಲ್ಲ. ನಮ್ಮ ಹಿರಿಯರು ‘ಬಾಗೇ ಆಮ್’ ಎಂದು ಕರೆಯುತ್ತಿದ್ದ ಹೈದರಾಬಾದಿನ ಸಾರ್ವಜನಿಕ ಉದ್ಯಾನದಲ್ಲಿ ಇಂದು ವಿಧಾನಸಭೆ, ಜುಬಿಲಿ ಹಾಲ್, ವಸ್ತು ಸಂಗ್ರಹಾಲಯ ಎಲ್ಲವೂ ಇವೆ. 1870ರಲ್ಲಿ ರೂಪುಗೊಂಡ ಬೆಂಗಳೂರಿನ ಕಬ್ಬನ್ ಪಾರ್ಕಿನ ಆವರಣದಲ್ಲಿ ಗ್ರಂಥಾಲಯವಿದೆ, ಬಾಲಭವನವಿದೆ. ಒಂದೊಂದೂ ಒಳ್ಳೆಯ ಸಂಸ್ಥೆಯೇ. ಆದರೆ ಒಳ್ಳೆಯದನ್ನೆಲ್ಲ ಉದ್ಯಾನದೊಳಗೇ ಕಟ್ಟುತ್ತ ಹೋದರೆ ಉಳಿಯುವುದು ಉದ್ಯಾನದ ಹೆಸರೊಂದೇ.

ಇದನ್ನು ತಡೆಯಲೆಂದೇ ಕರ್ನಾಟಕದಲ್ಲಿ ಕಾಯಿದೆಗಳು ಬಂದವು. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳಂಥ ಸರ್ಕಾರಿ ಉದ್ಯಾನಗಳಿಗಾಗಿ 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆ ಇದೆ. ಅಲ್ಲಿನ ನೆಲವನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ಅಡವಿಡುವಂತಿಲ್ಲ. ನಗರಗಳ ಸಾಮಾನ್ಯ ಉದ್ಯಾನಗಳಿಗೆ ಸಂಬಂಧಿಸಿದ್ದು 1985ರ ಕರ್ನಾಟಕ ಉದ್ಯಾನಗಳು, ಆಟದ ಮೈದಾನಗಳು ಮತ್ತು ಬಯಲು ಜಾಗಗಳ ಸಂರಕ್ಷಣೆ ಹಾಗೂ ನಿಯಂತ್ರಣ ಕಾಯಿದೆ. ಸ್ಥಳೀಯ ಪ್ರಾಧಿಕಾರವು ತನ್ನ ವ್ಯಾಪ್ತಿಯ ಉದ್ಯಾನಗಳ ಪಟ್ಟಿಯನ್ನು ಸಿದ್ಧಪಡಿಸಿ ಪ್ರಕಟಿಸಬೇಕು, ಅವುಗಳನ್ನು ಸ್ವಚ್ಛವಾಗಿ ಇಡಬೇಕು, ಪೂರ್ವಾನುಮತಿ ಇಲ್ಲದೆ ಬೇರೆ ಉದ್ದೇಶಕ್ಕೆ ಬಳಸಲು ಬಿಡಬಾರದು ಎಂಬುದು ಅದರ ಸಾರ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯಿದೆಯಂತೂ ಪ್ರಾಧಿಕಾರದ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಶೇ. 15ಕ್ಕೆ ಕಡಿಮೆಯಾಗದಂತೆ ಉದ್ಯಾನ, ಆಟದ ಮೈದಾನಗಳಿಗೆ ಬಿಡಬೇಕೆನ್ನುತ್ತದೆ. ಆಸ್ಪತ್ರೆ, ಶಾಲೆಗಳಂಥ ನಾಗರಿಕ ಸೌಲಭ್ಯಗಳಿಗೆ ಅದು ಪ್ರತ್ಯೇಕವಾಗಿ ಶೇ. 10ರಷ್ಟು ಜಾಗವನ್ನು ಹೇಳಿದೆ. ಅಂದರೆ ದವಾಖಾನೆಗೂ ಜಾಗವಿದೆ, ಉದ್ಯಾನಕ್ಕೂ ಜಾಗವಿದೆ. ಒಂದರದನ್ನು ಇನ್ನೊಂದು ಕಸಿಯಬೇಕಾಗಿಲ್ಲ. ಸಂವಿಧಾನದ 74ನೆಯ ತಿದ್ದುಪಡಿಯು ಸೇರಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ ಪುರಸಭೆ, ನಗರಸಭೆಗಳ ಕಾರ್ಯಗಳ ನಡುವೆ ಉದ್ಯಾನ, ತೋಟ, ಆಟದ ಮೈದಾನಗಳ ಹೆಸರು ಸ್ಪಷ್ಟವಾಗಿಯೇ ಇದೆ.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸದ ವಿಚಾರ ಬರುತ್ತದೆ. ಆಹಾರ, ದೇಹಪ್ರಕೃತಿ, ವಯಸ್ಸು ಎಲ್ಲವೂ ಬೇರೆ ಬೇರೆಯಾಗಿರುವ ಜನರು ಒಂದೇ ಕಾಲಕ್ಕೆ ಒಂದೇ ವ್ಯಾಧಿಗೆ ತುತ್ತಾಗುವುದು ಹೇಗೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ: ವಾಯು, ಜಲ, ದೇಶ, ಕಾಲ ಈ ನಾಲ್ಕು ಎಲ್ಲರಿಗೂ ಸಾಮಾನ್ಯವಾದವು, ಅವು ಕೆಟ್ಟರೆ ಎಲ್ಲರೂ ಕೆಡುತ್ತಾರೆ. ನಾವು ಒಬ್ಬೊಬ್ಬರಿಗೆ ಚೂರ್ಣ ಕಟ್ಟಿ ಕೊಡಬಹುದು, ಊರಿನ ಗಾಳಿಗೆ ಚೂರ್ಣ ಕೊಡಲಾರೆವು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸ್ಥೌಲ್ಯ, ನಿದ್ರಾನಾಶ ಎಂದು ನಗರಗಳಿಂದ ನಮ್ಮಲ್ಲಿಗೆ ಬರುವವರಲ್ಲಿ ಹಲವರಿಗೆ ನಾವು ಬರೆದುಕೊಡುವ ಮೊದಲ ಔಷಧ ನಡಿಗೆ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದರೆ ನಡೆಯುವುದು ಎಲ್ಲಿ? ನಮ್ಮ ಗೋರ್ಟಾದಲ್ಲಾದರೆ ಹೊಲದ ದಾರಿ ಹಿಡಿದರಾಯಿತು, ಯಾರ ಅಪ್ಪಣೆಯೂ ಬೇಡ. ಬಸವಕಲ್ಯಾಣ, ಹುಮನಾಬಾದ, ಬೀದರ, ಕಲಬುರಗಿ, ದೂರದ ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಮಕ್ಕಳ ಮನೆಯಲ್ಲಿರುವ ನಮ್ಮ ಊರಿನ ಹಿರಿಯರಿಗೆ ಲಾರಿ, ಮೋಟಾರು ಸೈಕಲ್ಲುಗಳಿಲ್ಲದ ನೆಲವೆಂದರೆ ಉದ್ಯಾನವೊಂದೇ. ಅದರ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ, ಒಳಗೆ ಏನು ಮಾಡಬಹುದು ಎಂಬುದು ಅವರ ಪಾಲಿಗೆ ಔಷಧದ ಮಾತ್ರೆಯ ಪ್ರಶ್ನೆಯೇ ಆಗಿದೆ.

ನಮ್ಮದೇ ಗ್ರಾಮದ ತಾಯಿಯೊಬ್ಬರು ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿ ಆರು ತಿಂಗಳಿದ್ದು ಮರಳಿದರು. ಹೋಗುವಾಗ ಹತೋಟಿಯಲ್ಲಿದ್ದ ಸಕ್ಕರೆ, ಬರುವಾಗ ಏರಿತ್ತು. ನಡೆಯಲಿಲ್ಲವೇ ಎಂದು ಕೇಳಿದೆವು. “ಹ್ಯಾಂಗ ನಡೀಲ್ರಿ ಸಾಹೇಬ್ರ? ಮುಂಜಾನಿ ಮೊಮ್ಮಕ್ಕಳನ್ನ ಸಾಲಿಗಿ ಕಳಿಸಿ, ಅಡಗಿ ಮುಗಿಸಿ ಹೋಗೂದ್ರಾಗ ಪಾರ್ಕಿಗಿ ಕೀಲಿ ಹಾಕಿರತಿತ್ತು” ಎಂದರು. ಬೆಂಗಳೂರಿನ ಪಾಲಿಕೆಯ ಉದ್ಯಾನಗಳು ಆಗ ಮುಂಜಾನೆ ಕೆಲ ಹೊತ್ತು, ಸಂಜೆ ಕೆಲ ಹೊತ್ತು ತೆರೆದು ನಡುವೆ ಮುಚ್ಚಿರುತ್ತಿದ್ದವು. ಮನೆಗೆಲಸ ಮುಗಿಸಿ ಹೊರಬೀಳುವ ಹೆಂಗಸರಿಗೂ, ರಾತ್ರಿ ಪಾಳಿ ಮುಗಿಸಿ ಬರುವ ಕಾರ್ಮಿಕರಿಗೂ ಆ ವೇಳೆ ಹೊಂದುತ್ತಿರಲಿಲ್ಲ. ಪಾಲಿಕೆಯು 2024ರಲ್ಲಿ ತನ್ನ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ನಿರ್ಧರಿಸಿತು. ಎಷ್ಟೋ ಔಷಧಗಳಿಗಿಂತ ಇದು ಹೆಚ್ಚು ಗುಣಕಾರಿಯಾದ ಆದೇಶ ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಭಾಗದ ನಗರಸಭೆ, ಪುರಸಭೆಗಳು ಇದರಿಂದ ಕಲಿಯುವುದಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬಿಸಿಲಿನ ಕಾರಣಕ್ಕೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಕಚೇರಿಗೆ ಋತುಚರ್ಯೆ ಇದೆಯೆಂದಾದರೆ ಉದ್ಯಾನಕ್ಕೆ ಏಕಿರಬಾರದು? ಗ್ರೀಷ್ಮದಲ್ಲಿ ಬಲ ಕ್ಷೀಣಿಸುತ್ತದೆ, ವ್ಯಾಯಾಮವನ್ನು ಬಹಳ ಕಡಿಮೆ ಮಾಡಬೇಕು, ಬಿಸಿಲನ್ನು ವರ್ಜಿಸಬೇಕು ಎಂದು ಅಷ್ಟಾಂಗಹೃದಯ ಹೇಳುತ್ತದೆ. ಆ ಎರಡು ತಿಂಗಳಲ್ಲಿ ಇಲ್ಲಿ ಸಂಜೆ 6ಕ್ಕೂ ನೆಲ ಕಾದ ಹಂಚಿನಂತಿರುತ್ತದೆ. ಸಂಜೆ 7ಕ್ಕೆ ಬೀಗ ಹಾಕುವ ಉದ್ಯಾನವು ವಯಸ್ಸಾದವರನ್ನು ಒಂದೋ ಬಿಸಿಲಿಗೆ ನೂಕುತ್ತದೆ, ಇಲ್ಲವೇ ಮನೆಯಲ್ಲಿ ಕೂರಿಸುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಐದಕ್ಕೆ ತೆರೆದು ರಾತ್ರಿ ಒಂಬತ್ತೂವರೆಗೆ ಮುಚ್ಚಲಿ. ದೀಪವೂ ಕಾವಲುಗಾರನೂ ಇರಲಿ. ಇದಕ್ಕೆ ಹೊಸ ಕಾಯಿದೆಯ ಅಗತ್ಯವಿಲ್ಲ. ಬಡಾವಣೆಯವರು ಸೇರಿ ಪೌರಾಯುಕ್ತರಿಗೆ ಅಥವಾ ಮುಖ್ಯಾಧಿಕಾರಿಗಳಿಗೆ ಬರೆದುಕೊಳ್ಳಬಹುದು.

ಬೀದರಿನ ಬರೀದಶಾಹಿ ಅರಸರ ಗೋರಿಗಳ ಸುತ್ತಲಿನ ಉದ್ಯಾನದಂಥ ಕಡೆ ಮಾತ್ರ ಲೆಕ್ಕ ಬೇರೆ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1959ರ ನಿಯಮಗಳು ಅನ್ವಯಿಸುತ್ತವೆ. ಸಾಮಾನ್ಯವಾಗಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಪ್ರವೇಶ, ಲಿಖಿತ ಅನುಮತಿಯಿಲ್ಲದೆ ಸಭೆ, ಸಮಾರಂಭ ನಡೆಸುವಂತಿಲ್ಲ, ಗೊತ್ತುಪಡಿಸಿದ ಸ್ಥಳ ಬಿಟ್ಟು ಅಡುಗೆ ಮಾಡುವಂತಿಲ್ಲ, ಉಣ್ಣುವಂತಿಲ್ಲ, ಸಾಮಾನು ಮಾರುವಂತಿಲ್ಲ. ಬೀದರಿಗೆ ಯಾತ್ರೆ ಹೋಗುವ ನಮ್ಮ ಭಕ್ತರು ರೊಟ್ಟಿಯ ಗಂಟನ್ನು ಎಲ್ಲಿ ಬಿಚ್ಚಬೇಕೆಂಬುದನ್ನು ಮೊದಲೇ ವಿಚಾರಿಸಿಕೊಂಡರೆ ಕಾವಲುಗಾರನೊಡನೆ ವಾಗ್ವಾದ ತಪ್ಪುತ್ತದೆ. ಬೆಂಗಳೂರಿನ ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯದು. ಅಲ್ಲಿ ಪ್ರವೇಶ ಶುಲ್ಕವಿದ್ದರೂ ಬೆಳಗಿನ ನಡಿಗೆಯ ಹೊತ್ತಿನಲ್ಲಿ ಅದು ಇಲ್ಲ. ಹೀಗೆ ಒಂದೊಂದು ಉದ್ಯಾನಕ್ಕೂ ಒಬ್ಬೊಬ್ಬ ಯಜಮಾನ. ಯಜಮಾನ ಯಾರೆಂದು ತಿಳಿಯದೆ ಅರ್ಜಿ ಬರೆಯಹೋದರೆ ಕಾಗದ ಮೇಜಿನಿಂದ ಮೇಜಿಗೆ ಅಲೆಯುತ್ತದೆ.

ಇನ್ನು ಪರವಾನಗಿಯ ಮಾತು. ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಜೂನ್ 21ರ ಯೋಗ ದಿನಾಚರಣೆಗೆ ಮುಂಚಿನ ವಾರ, ಪಟ್ಟಣವೊಂದರ ಉದ್ಯಾನದಲ್ಲಿ ಭಕ್ತರಿಗಾಗಿ ಯೋಗ ಶಿಬಿರ ನಡೆಸಿದೆವು. ಅರವತ್ತು, ಎಪ್ಪತ್ತು ಮಂದಿ ಸೇರುತ್ತಿದ್ದರು. ನಡೆಯುವ ದಾರಿಯ ಮೇಲೆಯೇ ಜಮಖಾನೆ ಹಾಸುತ್ತಿದ್ದೆವು. ಬೆಳಿಗ್ಗೆ ಐದೂವರೆಗೆ ಮೈಕು ಹಚ್ಚುತ್ತಿದ್ದೆವು. ಮುಗಿದ ಮೇಲೆ ಉಪ್ಪಿಟ್ಟು, ಚಹಾ. ಯಾರ ಅನುಮತಿಯನ್ನೂ ಕೇಳಿರಲಿಲ್ಲ. ಪುಣ್ಯದ ಕೆಲಸಕ್ಕೆ ಪರವಾನಗಿ ಏಕೆಂಬ ಧೋರಣೆ ನಮ್ಮದಾಗಿತ್ತು. ಮೂರನೆಯ ದಿನ ಎದುರಿನ ಮನೆಯವರೊಬ್ಬರು ಬಂದು ಬಹಳ ನಯವಾಗಿ ಹೇಳಿದರು: “ಅಪ್ಪಾರ, ನಿಮ್ಮ ಯೋಗ ಛಲೋನೇ ಅದ. ನಮ್ಮ ತಮ್ಮಗ ಹೃದಯದ ಆಪರೇಷನ್ ಆಗಿ ಮನಿಗಿ ಬಂದು ನಾಕ ದಿನ ಆಯ್ತು. ಇಡೀ ರಾತ್ರಿ ನಿದ್ದಿ ಇಲ್ಲ, ನಸಿಕಿನ್ಯಾಗ ಹತ್ತಿದ ನಿದ್ದಿ ನಿಮ್ಮ ಮೈಕಿಗಿ ಹಾರಿ ಹೋಗತದ.”

ಅಂದು ನಾವು ಪ್ರಾಣಾಯಾಮದ ಬಗ್ಗೆ ಮುಂದೆ ಒಂದು ಮಾತೂ ಆಡಲಾಗಲಿಲ್ಲ. ಆಮೇಲೆ ವಿಚಾರಿಸಿದಾಗ ತಿಳಿದದ್ದು: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕೇ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಸ್ಥಳದಲ್ಲಿ ಅದಕ್ಕೆ ನಿಷೇಧವಿದೆ, ವಾಸದ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬಲ್ ಮಿತಿ, ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಐದೂವರೆಯ ನಮ್ಮ ಮೈಕು ಕೇಳಿದ್ದರೂ ಸಿಗದ ಅನುಮತಿಯನ್ನು ಕೇಳದೆಯೇ ಪಡೆದುಕೊಂಡಿತ್ತು! ಜಮಖಾನೆಯ ಕೆಳಗೆ ಮುಚ್ಚಿಹೋದ ದಾರಿಯಲ್ಲಿ ಎಷ್ಟು ಮುದುಕರು ನಡೆಯಲಾಗದೆ ಮನೆಗೆ ಮರಳಿದರೋ, ಅದನ್ನು ನಾವು ಎಣಿಸಿರಲಿಲ್ಲ. ಉಪ್ಪಿಟ್ಟಿನ ತಟ್ಟೆಗಳನ್ನು ನಾಯಿಗಳು ಎಳೆದಾಡಿದ್ದೂ ಆಗಿತ್ತು.

ಅಲ್ಲಿಂದ ನಮಗೊಂದು ಅಳತೆಗೋಲು ಸಿಕ್ಕಿತು. ಒಬ್ಬರು ನಡೆಯುವುದಕ್ಕೆ, ಕೂರುವುದಕ್ಕೆ, ನಾಲ್ಕು ಜನ ಗೆಳೆಯರು ಹುಲ್ಲಿನ ಮೇಲೆ ಆಸನ ಹಾಕುವುದಕ್ಕೆ, ಮಕ್ಕಳು ಆಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಬಾರದು. ಉದ್ಯಾನ ಇರುವುದೇ ಅದಕ್ಕೆ. ನಮ್ಮ ಬಳಕೆಯಿಂದ ಇನ್ನೊಬ್ಬರ ಬಳಕೆ ಕುಂದುವುದಾದರೆ, ಅಂದರೆ ಶಾಮಿಯಾನ, ಮೈಕು, ಊಟ, ನೂರಾರು ಜನರ ಗುಂಪು, ಹಣ ಪಡೆದು ನಡೆಸುವ ತರಗತಿ ಇವುಗಳಿದ್ದರೆ, ಅನುಮತಿ ಕೇಳುವುದು ನ್ಯಾಯ. ಉದ್ಯಾನವನ್ನೇ ಇಲ್ಲವಾಗಿಸುವ ಕೆಲಸಕ್ಕೆ ಮಾತ್ರ ಯಾವ ಅಧಿಕಾರಿಯ ಸಹಿಯೂ ಪರವಾನಗಿಯಾಗದು. ಮುದ್ದಪ್ಪನವರ ಮೊಕದ್ದಮೆ ಕಲಿಸಿದ್ದು ಈ ಕೊನೆಯದನ್ನು.

‘ಪರವಾನಗಿ’ ಎಂಬ ಶಬ್ದ ಕೇಳಿದರೆ ನಮ್ಮ ಸೀಮೆಯ ಹಿರಿಯರ ಹುಬ್ಬು ಗಂಟಾಗುವುದಕ್ಕೆ ಚರಿತ್ರೆಯ ಕಾರಣವೂ ಇದೆ. ನಿಜಾಮರ ಆಳ್ವಿಕೆಯಲ್ಲಿ ‘ಗಷ್ಟಿ ನಿಶಾನ್ 53’ ಎಂಬ ಸುತ್ತೋಲೆಯಿತ್ತು. ಸರ್ಕಾರದ ಪೂರ್ವಾನುಮತಿ ಇಲ್ಲದೆ ಸಾರ್ವಜನಿಕ ಸಭೆ ಸೇರುವಂತಿರಲಿಲ್ಲ. 1948ರ ಮೇ 9ರಂದು ರಜಾಕಾರರ ಕೈಯಲ್ಲಿ ಹತ್ಯಾಕಾಂಡ ಕಂಡ ಗೋರ್ಟಾದಲ್ಲಿ ಹುಟ್ಟಿ ಬೆಳೆದವರಿಗೆ, ಅನುಮತಿಯೆಂದರೆ ಬಾಯಿ ಮುಚ್ಚಿಸುವ ಉಪಾಯವೆಂಬ ಶಂಕೆ ಬಂದರೆ ಆಶ್ಚರ್ಯವಿಲ್ಲ. ಇಂದೂ ಆ ಗೆರೆ ಬಹಳ ತೆಳುವಾದದ್ದು. ಬೆಂಗಳೂರಿನಲ್ಲಿ ಪ್ರತಿಭಟನೆಗಳನ್ನು 2021ರ ಪೊಲೀಸ್ ಆದೇಶದಂತೆ ಹಳೆಯ ಸೆರೆಮನೆಯ ಜಾಗದಲ್ಲಿರುವ ಫ್ರೀಡಂ ಪಾರ್ಕಿಗೆ ಸೀಮಿತಗೊಳಿಸಲಾಗಿದೆ. ರಸ್ತೆಯ ಮೇಲೆ ಆಂಬುಲೆನ್ಸ್ ನಿಲ್ಲಬಾರದೆಂಬ ಕಾಳಜಿಯೂ ಸರಿಯೇ, ನಗರದ ಇತರ ಬಯಲುಗಳೆಲ್ಲ ಮೌನವಾದವಲ್ಲ ಎಂಬ ಕೊರಗೂ ಸುಳ್ಳಲ್ಲ. ಅನುಮತಿಯು ಹಂಚಿಕೊಳ್ಳುವ ಸಾಧನವಾಗಿರುವಷ್ಟು ದಿನ ಅದಕ್ಕೆ ತಲೆಬಾಗೋಣ.

ಅತಿ ನಿಯಮವೂ ಅಪಥ್ಯವೇ. 2024ರಲ್ಲಿ ಬೆಂಗಳೂರಿನ ಇಂದಿರಾನಗರದ ಉದ್ಯಾನವೊಂದರಲ್ಲಿ ಓಡಬಾರದು, ಅಪ್ರದಕ್ಷಿಣವಾಗಿ ನಡೆಯಬಾರದು ಎಂಬ ಫಲಕ ಹಾಕಿ ನಾಡೆಲ್ಲ ನಕ್ಕಿತು. ಗುಡಿಯ ಪ್ರದಕ್ಷಿಣೆಯ ನಿಯಮ ಪಾರ್ಕಿಗೂ ಬಂತಲ್ಲ ಎಂದು ನಾವೂ ನಕ್ಕೆವು. ಕಿರಿದಾದ ದಾರಿಯಲ್ಲಿ ಎದುರುಬದುರು ಡಿಕ್ಕಿಯಾಗದಿರಲಿ ಎಂಬ ಸದುದ್ದೇಶ ಅದರ ಹಿಂದೆ ಇದ್ದೀತು. ಹಾಗಿದ್ದರೆ ‘ಹಿರಿಯರಿಗೆ ದಾರಿ ಬಿಡಿ’ ಎಂದರೆ ಸಾಕಿತ್ತು.

ಫಲಕಗಳಲ್ಲಿ ಮಾಡಬಾರದವುಗಳ ಪಟ್ಟಿ ಉದ್ದವಾಗಿರುತ್ತದೆ. ಇರಬೇಕಾದದ್ದರ ಪಟ್ಟಿ ಎಲ್ಲಿಯೂ ಕಾಣದು. ಅದರಲ್ಲಿ ಮೊದಲನೆಯದು ಶೌಚಾಲಯ. ಹುಟ್ಟಿದ ವೇಗಗಳನ್ನು ತಡೆಹಿಡಿಯಬಾರದೆಂದು ಚರಕರು ಒಂದು ಅಧ್ಯಾಯವನ್ನೇ ಬರೆದಿದ್ದಾರೆ. ಮೂತ್ರದ ವೇಗವನ್ನು ತಡೆದರೆ ಬಸ್ತಿಯಲ್ಲಿ ನೋವು, ಮೂತ್ರಕೃಚ್ಛ್ರ, ತಲೆನೋವು ಬರುತ್ತವೆ. ಸಕ್ಕರೆ ಕಾಯಿಲೆಯ ಹೆಂಗಸರು, ಪ್ರಾಸ್ಟೇಟ್ ತೊಂದರೆಯ ಗಂಡಸರು ಉದ್ಯಾನಕ್ಕೆ ಹೋಗದಿರುವ ನಿಜವಾದ ಕಾರಣ ಸೋಮಾರಿತನವಲ್ಲ, ಅಲ್ಲಿ ಬೀಗ ಹಾಕಿದ ಶೌಚಾಲಯ. ನೀರು ಕುಡಿಯದೆಯೇ ನಡೆಯಲು ಹೋಗುತ್ತೇವೆಂದು ನಮ್ಮೆದುರು ಒಪ್ಪಿಕೊಂಡ ತಾಯಂದಿರಿದ್ದಾರೆ. ಬೇಸಿಗೆಯಲ್ಲಿ ಅದು ಅಪಾಯ. ಬಳಿಕ ಬೆನ್ನು ಆನಿಸುವ ಆಸನಗಳು, ಜಾರದ ದಾರಿ. ನಾಯಿಗಳಿಗೆ ಅನ್ನ ಹಾಕುವ ಕರುಣಾಳುಗಳೂ ಒಂದನ್ನು ತಿಳಿದಿರಬೇಕು: 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಆ ಸ್ಥಳವು ಮಕ್ಕಳು ಆಡುವ ಜಾಗದಿಂದ, ಬಾಗಿಲುಗಳಿಂದ ದೂರವಿರಬೇಕು, ಮಕ್ಕಳೂ ವೃದ್ಧರೂ ಹೆಚ್ಚು ಓಡಾಡದ ಕಡೆ ಇರಬೇಕು. ನಾಯಿ ಬೆನ್ನಟ್ಟಿ ಬಿದ್ದು ತೊಡೆಯ ಎಲುಬು ಮುರಿದುಕೊಂಡ ಹಿರಿಯರು ಮತ್ತೆ ಎದ್ದು ನಡೆಯುವುದು ಎಷ್ಟು ಕಷ್ಟವೆಂಬುದನ್ನು ನಾವು ಬಲ್ಲೆವು.

ಉದ್ಯಾನಕ್ಕೆ ಹೋದವರು ದೇಹದ ನಿಯಮವನ್ನೂ ಮರೆಯಬಾರದು. ಬಲವುಳ್ಳವರು ಕೂಡ ಹೇಮಂತ, ಶಿಶಿರ, ವಸಂತಗಳಲ್ಲಿ ಅರ್ಧಶಕ್ತಿಯವರೆಗೆ ಮಾತ್ರ ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಅದಕ್ಕಿಂತ ಕಡಿಮೆ. ಹಣೆ, ಮೂಗು, ಕಂಕುಳಲ್ಲಿ ಬೆವರೊಡೆದು, ಉಸಿರು ಬಾಯಿಗೆ ಬಂದಾಗ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಎದೆಯಲ್ಲಿ ಬಿಗಿತ, ಎಡತೋಳಿನಲ್ಲಿ ನೋವು, ಕಣ್ಣು ಕತ್ತಲೆ ಬಂದರೆ ಇನ್ನೊಂದು ಸುತ್ತು ಹಾಕುವ ಛಲ ಬೇಡ. ಅಲ್ಲಿಯೇ ಕುಳಿತು ಸಹಾಯಕ್ಕೆ ಕೂಗಬೇಕು, 108ಕ್ಕೆ ಕರೆ ಮಾಡಬೇಕು. ಕಾರ್ಯಕ್ರಮದ ಆಯೋಜಕರು ಉದ್ಯಾನದ ಬಾಗಿಲಿಗೆ ಅಡ್ಡಲಾಗಿ ವಾಹನ ನಿಲ್ಲಿಸಬಾರದೆನ್ನುವ ಷರತ್ತಿನ ಹಿಂದೆ ಇರುವುದು ಇದೇ ಆಂಬುಲೆನ್ಸ್.

ಶ್ರೀಮಠದ ಬಳಗಗಳು ಉದ್ಯಾನದಲ್ಲಿ ಯೋಗ, ಚಿಂತನಗೋಷ್ಠಿ, ಆರೋಗ್ಯ ತಪಾಸಣೆ ನಡೆಸುವ ಮೊದಲು ಹೀಗೆ ಮಾಡಲಿ. ಉದ್ಯಾನದ ಒಡೆತನ ಯಾರದೆಂದು ತಿಳಿದು, ಕನಿಷ್ಠ ಹದಿನೈದು ದಿನ ಮುಂಚೆ ಲಿಖಿತ ಅರ್ಜಿ ಕೊಡಿ. ದಿನ, ಹೊತ್ತು, ಸೇರುವ ಜನ, ತರುವ ಸಾಮಾನು, ಕಸ ತೆಗೆಯುವ ಹೊಣೆ ಯಾರದು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯಿರಿ. ಇನ್ನೂರು ಜನ ಬರುವಲ್ಲಿ ಐವತ್ತು ಎಂದು ಬರೆಯುವುದು ವೈದ್ಯನಿಗೆ ರೋಗ ಮುಚ್ಚಿಟ್ಟಂತೆ. ಮೈಕು ಬೇಕಾದರೆ ಪೊಲೀಸರ ಅನುಮತಿ ಪ್ರತ್ಯೇಕ. ಶುಲ್ಕ, ಠೇವಣಿ ಕಟ್ಟಿದರೆ ರಸೀದಿ ಕೇಳಿ ಪಡೆಯಿರಿ. “ಆಯ್ತು ಮಾಡ್ಕೊಳ್ರಿ” ಎಂಬ ಬಾಯಿಮಾತು ಅನುಮತಿಯಲ್ಲ. ಷರತ್ತುಗಳಿರುವ ಕಾಗದವೇ ಅನುಮತಿ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ನಿಮ್ಮ ಬಡಾವಣೆಯ ಉದ್ಯಾನ 1985ರ ಕಾಯಿದೆಯ ಪಟ್ಟಿಯಲ್ಲಿದೆಯೇ ಎಂಬುದನ್ನು 2005ರ ಮಾಹಿತಿ ಹಕ್ಕಿನಡಿ ಕೇಳಬಹುದು. ಬಡಾವಣೆಯ ಅನುಮೋದಿತ ನಕ್ಷೆಯ ಪ್ರತಿಯನ್ನೂ ಕೇಳಿರಿ. ಬೆಂಗಳೂರಿನ ಆ ನಿವಾಸಿಗಳ ಕೈಯಲ್ಲಿ ನಕ್ಷೆ ಇಲ್ಲದಿದ್ದರೆ ಅವರು ಯಾವ ನ್ಯಾಯಾಲಯದಲ್ಲೂ ಗೆಲ್ಲುತ್ತಿರಲಿಲ್ಲ.

ಮೊದಲು ಹೇಳಿದ ಆ ಹಸಿರು ಚೌಕಕ್ಕೆ ಮರಳುತ್ತೇವೆ. ಸಹಿ ಹಿಂದಕ್ಕೆ ಪಡೆದ ಮೇಲೆ, ಬೇಸರ ಉಳಿದಿದ್ದರೂ ಆ ಸದ್ಭಕ್ತರೇ ಎರಡನೆಯ ಮನವಿ ಬರೆದರು: ಜಾಗಕ್ಕೆ ಬೇಲಿ, ನಡೆಯಲು ದಾರಿ, ಒಂದು ಶೌಚಾಲಯ, ನಾಲ್ಕು ದೀಪ. ಜಾಲಿ ತೆಗೆಸಲು ನಾವೇ ಕೊಡಲಿ ಹಿಡಿದು ಹೋಗದೆ, 1976ರ ಮರಗಳ ಸಂರಕ್ಷಣಾ ಕಾಯಿದೆ ಇರುವುದರಿಂದ ಅದಕ್ಕೂ ಒಂದು ಅರ್ಜಿ ಸೇರಿಸಿದ್ದಾರೆ. ಬೇವು, ಹೊಂಗೆ, ನೆಲ್ಲಿ, ಬಿಲ್ವ, ಅಮೃತಬಳ್ಳಿಗಳ ಪಟ್ಟಿಯನ್ನು ನಾವು ಬರೆದುಕೊಟ್ಟಿದ್ದೇವೆ. ಮನವಿಗೆ ಸ್ವೀಕೃತಿಯ ಮೊಹರು ಬಿದ್ದಿದೆ, ಆದೇಶ ಇನ್ನೂ ಬಂದಿಲ್ಲ. ದವಾಖಾನೆ ಆ ಬಡಾವಣೆಯ ಭಕ್ತರೊಬ್ಬರ ಮನೆಯ ಹೊರಗಿನ ಕೋಣೆಯಲ್ಲಿ ದೀಪಾವಳಿಯ ಪಾಡ್ಯದಿಂದ ನಡೆಯುತ್ತಿದೆ. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ನಾವು ಅಲ್ಲಿರುತ್ತೇವೆ. ಮೊದಲ ಮನವಿಯನ್ನು ಬರೆದ ಹಿರಿಯರು ಕಳೆದ ಗುರುವಾರ ಮೊಣಕಾಲಿನ ನೋವಿಗೆ ಬಂದಿದ್ದರು. ದಿನಕ್ಕೆ ಇಪ್ಪತ್ತು ನಿಮಿಷ ನಡೆಯಿರಿ ಎಂದೆವು. “ಎಲ್ಲಿ ನಡೀಲ್ರಿ?” ಎಂದು ಕೇಳಿ, ಅವರೇ ನಕ್ಕುಬಿಟ್ಟರು.